ಮನೆಯ ವಿದ್ಯುತ್ತು: ಒಂದು ಗಂಟಿನ ಲೆಕ್ಕ

ಕಳೆದ ಮಾರ್ಗಶಿರ ಮಾಸದ ಒಂದು ಪ್ರಾತಃಕಾಲ. ಯಲಹಂಕದಲ್ಲಿ ಚಳಿ ಬಲವಾಗಿತ್ತು. ಸ್ನಾನಗೃಹದ ಪ್ಲಗ್ಗು ಕೆಟ್ಟಿದ್ದಿತು. ಹಿತ್ತಿಲಿನ ದೀಪಕ್ಕೆಂದು ಎರಡು ತುಂಡು ತಂತಿಗಳನ್ನು ಹೊಸೆದು, ಟೇಪು ಸುತ್ತಿ, ಹಿಂದೆ ನಾನೇ ಸಿದ್ಧಪಡಿಸಿದ್ದ ಉದ್ದನೆಯ ತಂತಿಯೊಂದು ಮನೆಯಲ್ಲಿದ್ದಿತು. ಅದಕ್ಕೆ ನೀರು ಕಾಯಿಸುವ ರಾಡನ್ನು ಸೇರಿಸಿದೆನು. ಕಾಲು ಗಂಟೆಯೊಳಗೆ ಸುಟ್ಟ ವಾಸನೆ ಹಬ್ಬಿತು. ಟೇಪು ಕರಗಿ ಗಂಟು ಹೊಗೆಯಾಡುತ್ತಿತ್ತು. ಅದರಿಂದ ಎರಡು ಮಾರು ದೂರದಲ್ಲಿ ಮೂರು ವರ್ಷದ ಮೊಮ್ಮಗನು ಆಡುತ್ತಿದ್ದನು. ನಾನು ಗಾಬರಿಯಿಂದ ಚೊಂಬಿನ ನೀರನ್ನು ಎರಚಲು ಹೋದೆನು. "ನೀರು ಹಾಕಬೇಡಿ, ಮಾವ!" ಎಂದು ಸೊಸೆಯು ಕೂಗಿ, ಮಗುವನ್ನು ಎತ್ತಿಕೊಂಡು ಓಡಿ ಮೈನ್ ಸ್ವಿಚ್ಚನ್ನು ಆರಿಸಿದಳು. ಆ ದಿನ ಮನೆಯನ್ನು ಉಳಿಸಿದ್ದು ಅವಳ ಸಮಯಸ್ಫೂರ್ತಿಯೇ ಹೊರತು ನನ್ನ ವಿದ್ಯೆಯಲ್ಲ.

ಮಕ್ಕಳಿಗೆ ತ್ರೈರಾಶಿಕವನ್ನು ಬೋಧಿಸುತ್ತಲೇ ತಲೆ ನರೆತವನು ನಾನು. ಆದಾಗ್ಯೂ ಒಂದು ತಂತಿಯನ್ನು ಬಳಸುವ ಮುನ್ನ ಲೆಕ್ಕ ಮಾಡಲಿಲ್ಲ. ಅದೇ ತಂತಿಯು ವರ್ಷಗಟ್ಟಲೆ ದೀಪವನ್ನು ಉರಿಸಿತ್ತಷ್ಟೆ. ಅಂದೇ ಏಕೆ ಸುಟ್ಟಿತು? ಗೃಹಸ್ಥರೆಲ್ಲರೂ ತಿಳಿಯತಕ್ಕ ಸಂಗತಿ ಇದಾದುದರಿಂದ ಇಲ್ಲಿ ವಿವರಿಸುತ್ತೇನೆ.

ಮಾಳಿಗೆಯ ಮೇಲಿನ ನೀರಿನ ತೊಟ್ಟಿಯನ್ನು ನೆನೆಯಿರಿ. ತೊಟ್ಟಿಯ ಎತ್ತರವು ನೀರನ್ನು ಒತ್ತುತ್ತದೆ; ಕೊಳವೆಯ ಕಿರಿದುತನವು ತಡೆಯುತ್ತದೆ; ಇವೆರಡನ್ನು ಅನುಸರಿಸಿ ನೀರು ಹರಿಯುತ್ತದೆ. ವಿದ್ಯುತ್ತಿನಲ್ಲಿ ಒತ್ತುವುದನ್ನು ವೋಲ್ಟುಗಳಿಂದಲೂ, ಹರಿಯುವುದನ್ನು ಆಂಪಿಯರುಗಳಿಂದಲೂ, ತಡೆಯುವುದನ್ನು, ಎಂದರೆ ರೋಧವನ್ನು, ಓಮುಗಳಿಂದಲೂ ಅಳೆಯುತ್ತಾರೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧವು ಬರುತ್ತದೆ. ಈ ನಿಯಮವನ್ನು 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಜರ್ಮನಿಯ ಓಮ್ ಮಹಾಶಯನೂ ಶಾಲೆಯ ಉಪಾಧ್ಯಾಯನಾಗಿದ್ದವನೇ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಮರ್ಥ್ಯವು ವ್ಯಾಟುಗಳಲ್ಲಿ ದೊರೆಯುತ್ತದೆ.

ಈಗ ನಮ್ಮ ರಾಡಿನ ಲೆಕ್ಕ. ಅದರ ಮೇಲೆ 1500 ವ್ಯಾಟು ಎಂದು ಬರೆದಿದೆ. ಮನೆಯ ವಿದ್ಯುತ್ತು 230 ವೋಲ್ಟು. ಭಾಗಿಸಿದರೆ ಪ್ರವಾಹವು ಸುಮಾರು 6.5 ಆಂಪಿಯರು, ರೋಧವು ಸುಮಾರು 35 ಓಮು. ಹಿತ್ತಿಲಿನ ಹಳೆಯ ಬಲ್ಬು 60 ವ್ಯಾಟಿನದು. ಅದು ಸೆಳೆಯುತ್ತಿದ್ದುದು 0.26 ಆಂಪಿಯರು ಮಾತ್ರ. ಎಂದರೆ ರಾಡಿನ ಪ್ರವಾಹವು ಬಲ್ಬಿನದಕ್ಕಿಂತ 25 ಪಾಲು ಹೆಚ್ಚು.

ಇಪ್ಪತ್ತೈದು ಪಾಲು ಪ್ರವಾಹಕ್ಕೆ ಇಪ್ಪತ್ತೈದು ಪಾಲು ಶಾಖವೆಂದು ಎಣಿಸಿದರೆ ಅದೇ ತಪ್ಪು. ಗಂಟಿನ ಎರಡು ಕೊನೆಗಳ ನಡುವಣ ವೋಲ್ಟು, ಪ್ರವಾಹವನ್ನು ರೋಧದಿಂದ ಗುಣಿಸಿದಷ್ಟು. ಅದನ್ನು ಮತ್ತೊಮ್ಮೆ ಪ್ರವಾಹದಿಂದ ಗುಣಿಸಿದರೆ ಶಾಖದ ವ್ಯಾಟು. ಪ್ರವಾಹವು ಎರಡು ಬಾರಿ ಬಂದುದರಿಂದ ಶಾಖವು ಅದರ ವರ್ಗದಂತೆ ಏರುತ್ತದೆ. ಸಡಿಲವಾದ ಗಂಟಿನ ರೋಧವು 1 ಓಮು ಎಂದಿಟ್ಟುಕೊಳ್ಳೋಣ. ಬಲ್ಬು ಉರಿಯುವಾಗ ಅಲ್ಲಿ ಹುಟ್ಟುತ್ತಿದ್ದುದು 0.07 ವ್ಯಾಟಿಗೂ ಕಡಮೆ, ಕೈಗೆ ತಿಳಿಯದು. ರಾಡು ಹಾಕಿದಾಗ 625 ಪಾಲು ಹೆಚ್ಚಿ 42 ವ್ಯಾಟು! ಕಡಲೆಕಾಯಿಯಷ್ಟು ಗಾತ್ರದ ಗಂಟಿನಲ್ಲಿ ಇಷ್ಟು ಶಾಖವಿದ್ದರೆ ಟೇಪು ಕರಗದೆ ಉಳಿದೀತೆ?

ಹಾಗಾದರೆ ಎಂ.ಸಿ.ಬಿ. ಏಕೆ ಬೀಳಲಿಲ್ಲವೆಂದು ಕೇಳಬಹುದು. ಅದು ಪ್ರವಾಹವನ್ನು ಮಾತ್ರ ಬಲ್ಲುದು. ನಮ್ಮಲ್ಲಿದ್ದುದು 16 ಆಂಪಿಯರಿನದು, ಹರಿದುದು ಆರೂವರೆ. ಗಂಟಿನ ರೋಧವು ಪ್ರವಾಹವನ್ನು ಕೊಂಚ ಕುಗ್ಗಿಸುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಆದಕಾರಣ ಕಾವಲುಗಾರನಿದ್ದಾನೆಂದು ಬಾಗಿಲು ತೆರೆದು ಮಲಗುವುದು ಸಲ್ಲದು.

ಇದೇ ನಿಯಮವು ದೊಡ್ಡ ಕಾರ್ಯಗಳಿಗೂ ಆಧಾರ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದರು. ಕಡಮೆ ವೋಲ್ಟಿನಲ್ಲಿ ಸಾಗಿಸಿದ್ದರೆ ಪ್ರವಾಹವು ಹೆಚ್ಚಿ, ತಂತಿಗಳನ್ನು ಕಾಯಿಸುವುದರಲ್ಲಿಯೇ ಶಕ್ತಿಯ ಬಹುಭಾಗವು ವ್ಯಯವಾಗುತ್ತಿತ್ತು. ಆದುದರಿಂದ ಸಾವಿರಾರು ವೋಲ್ಟುಗಳಿಗೆ ಏರಿಸಿ, ಪ್ರವಾಹವನ್ನು ತಗ್ಗಿಸಿ ಕಳುಹಿಸಿದರು. ಬೆಂಗಳೂರಿನ ಬೀದಿಗಳಲ್ಲಿ 1905ರಲ್ಲಿ ವಿದ್ಯುದ್ದೀಪಗಳು ಬೆಳಗಿದುದೂ ಅಲ್ಲಿಂದ ಬಂದ ಶಕ್ತಿಯಿಂದಲೇ.

ಗೃಹಿಣಿಯರಿಗೆ ಇನ್ನೊಂದು ಲೆಕ್ಕ. ಸಾವಿರ ವ್ಯಾಟು ಒಂದು ಗಂಟೆ ನಡೆದರೆ ಒಂದು ಯೂನಿಟ್ಟು. 20 ಲೀಟರು ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.93 ಯೂನಿಟ್ಟು ಬೇಕು. ನಮ್ಮ ರಾಡಿಗೆ 37 ನಿಮಿಷ. ವೋಲ್ಟು 200ಕ್ಕೆ ಇಳಿದರೆ ರಾಡಿನ ಸಾಮರ್ಥ್ಯವು ಮುಕ್ಕಾಲು ಪಾಲಿಗೆ, ಎಂದರೆ ಸುಮಾರು 1130 ವ್ಯಾಟಿಗೆ ತಗ್ಗುತ್ತದೆ. ಆಗ 49 ನಿಮಿಷ. ರಾಡು ಕೆಟ್ಟಿತೆಂದು ಅಂಗಡಿಗೆ ಓಡಬೇಕಾದುದಿಲ್ಲ.

ಕೊನೆಯದಾಗಿ ನಾನು ಕಲಿತ ಪಾಠ. ನೀರು ಕಾಯಿಸುವ, ಬಟ್ಟೆಗೆ ಇಸ್ತ್ರಿ ಹಾಕುವ ಉಪಕರಣಗಳ ಮೇಲಿನ ವ್ಯಾಟನ್ನು 230ರಿಂದ ಭಾಗಿಸಿ ನೋಡಿರಿ. ಫಲವು 6 ಆಂಪಿಯರನ್ನು ಮೀರಿದರೆ ಸಣ್ಣ ಪ್ಲಗ್ಗಿಗೆ ಹಾಕಕೂಡದು. 16 ಆಂಪಿಯರಿನ ಪ್ಲಗ್ಗೂ, ಎರಡೂವರೆ ಚದರ ಮಿಲಿಮೀಟರಿಗೆ ಕಡಮೆಯಿಲ್ಲದ ತಾಮ್ರದ ತಂತಿಯೂ ಇರತಕ್ಕದ್ದು. ಗಂಟು ಹಾಕಿದ ತಂತಿಯನ್ನು ಬಿಸಾಡಿರಿ. ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತ ಹೊರತು ರಾಡಿರುವ ನೀರನ್ನು ಮುಟ್ಟಬೇಡಿ.

ಸುಟ್ಟ ಆ ಗಂಟನ್ನು ನಾನು ಬಿಸಾಡಲಿಲ್ಲ. ಕತ್ತರಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಮೊಮ್ಮಗನು ಓದು ಕಲಿತಮೇಲೆ ಅವನ ಮೊದಲ ಭಾಗಾಹಾರದ ಲೆಕ್ಕವು ಅದೇ ಆಗಲಿ ಎಂದು ಸೊಸೆಯ ಅಪ್ಪಣೆಯಾಗಿದೆ.