ನೀಟ್: ಈ ವರ್ಷವೇ ಬರೆಯೋದಾ, ಇನ್ನೊಂದು ವರ್ಷ ಕಾಯೋದಾ?

ನೀಟ್ ಫಲಿತಾಂಶ ಬಂದ ವಾರ ನಮ್ಮ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿನ ಮಾತು ಒಂದೇ. "ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಇನ್ನೊಂದು ವರ್ಷ ಕೂರಿಸೋದಾ, ಬೇರೆ ಕೋರ್ಸಿಗೆ ಸೇರಿಸೋದಾ?" ಸಾಮಾನ್ಯವಾಗಿ ಇದನ್ನು ತೀರ್ಮಾನಿಸುವುದು ಸಿಟ್ಟು, ಅಳು, ನೆಂಟರ ಸಲಹೆ ಮತ್ತು ಕೋಚಿಂಗ್ ಸೆಂಟರಿನ ಜಾಹೀರಾತು. ಇದನ್ನು ಲೆಕ್ಕ ಹಾಕಿ, ಕಾಗದದ ಮೇಲೆ ಬರೆದು ತೀರ್ಮಾನಿಸಲು ಸಾಧ್ಯವಿದೆ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗಂತೂ ಈ ಲೆಕ್ಕದಲ್ಲಿ ಒಂದೆರಡು ಸಾಲು ಹೆಚ್ಚೇ ಇವೆ.

ಮೊದಲು ಪರೀಕ್ಷೆಯ ಸ್ವರೂಪ ತಿಳಿಯೋಣ

ಎಂಬಿಬಿಎಸ್, ಬಿಡಿಎಸ್, ಆಯುರ್ವೇದ, ಯುನಾನಿ, ಹೋಮಿಯೋಪಥಿ ಇವೆಲ್ಲಕ್ಕೂ ದೇಶದಲ್ಲಿ ಬಾಗಿಲು ಒಂದೇ, ಅದು ನೀಟ್. ವಿದೇಶದಲ್ಲಿ ಎಂಬಿಬಿಎಸ್ ಓದಿ ಇಲ್ಲಿ ವೈದ್ಯರಾಗಬೇಕೆಂದರೂ ಇದರಲ್ಲಿ ಅರ್ಹತೆ ಪಡೆಯಲೇಬೇಕು. 2019ರಿಂದ ಇದನ್ನು ನಡೆಸುತ್ತಿರುವುದು ಎನ್‌ಟಿಎ. 2023, 2024, 2025ರಲ್ಲಿ ಮೇ ತಿಂಗಳ ಮೊದಲ ಭಾನುವಾರ ಪರೀಕ್ಷೆ ನಡೆಯಿತು.

2025ರಲ್ಲಿ ಐಚ್ಛಿಕ ಪ್ರಶ್ನೆಗಳನ್ನು ತೆಗೆದುಹಾಕಿದರು. ಒಟ್ಟು 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಆ ವರ್ಷ ಪರೀಕ್ಷೆ ಬರೆದವರು 22 ಲಕ್ಷಕ್ಕೂ ಹೆಚ್ಚು, ಅರ್ಹತೆ ಪಡೆದವರು 12 ಲಕ್ಷಕ್ಕೂ ಹೆಚ್ಚು. ಆದರೆ ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸು. ಹಾಗಾಗಿ "ನೀಟ್ ಪಾಸ್" ಎಂಬ ಮಾತಿಗೆ ಹೆಚ್ಚು ಬೆಲೆಯಿಲ್ಲ. ಪಾಸಾದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಎಂಬಿಬಿಎಸ್ ಸೀಟು ಇರುವುದಿಲ್ಲ.

ವಯಸ್ಸಿನ ನಿಯಮ ಸರಳ. ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಗರಿಷ್ಠ ವಯೋಮಿತಿ ಈಗಿಲ್ಲ. 2022ರಲ್ಲಿ ಅದನ್ನು ತೆಗೆದರು. ಎಷ್ಟು ಸಲ ಬರೆಯಬಹುದು ಎಂಬುದಕ್ಕೂ ಮಿತಿಯಿಲ್ಲ. ಹಿಫ್ಜ್ ಮುಗಿಸಿ ತಡವಾಗಿ ಶಾಲೆಗೆ ಬಂದ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಬೀದರಿನ ಶಾಹೀನ್ ಸಂಸ್ಥೆಯಂಥವರು ಹಾಫಿಝ್ ಮಕ್ಕಳನ್ನು ಶಾಲಾ ಶಿಕ್ಷಣಕ್ಕೆ ತಂದು ನೀಟ್‌ವರೆಗೆ ಕರೆದೊಯ್ಯುತ್ತಿದ್ದಾರೆ. ಎರಡು ವರ್ಷ ತಡವಾಯಿತೆಂದು ಯಾರೂ ಕೊರಗಬೇಕಾಗಿಲ್ಲ.

ಮೊದಲ ಸಲ ಯಾವಾಗ?

"ತಯಾರಿ ಸಾಲದು, ಈ ಸಲ ಬರೆಯೋದೇ ಬೇಡ, ಮುಂದಿನ ವರ್ಷ ಒಂದೇ ಸಲ ಚೆನ್ನಾಗಿ ಬರೀತೀನಿ" ಎಂದು ಹನ್ನೆರಡನೇ ತರಗತಿಯ ಕೆಲವರು ಹೇಳುತ್ತಾರೆ. ಇದು ತಪ್ಪು ಲೆಕ್ಕ. ಮೊದಲ ಸಲದ ಅಂಕ ಎರಡನೇ ಸಲದ ಅಂಕವನ್ನು ಕೆಳಗೆಳೆಯುವುದಿಲ್ಲ. ಆಯಾ ವರ್ಷದ ಪ್ರವೇಶಕ್ಕೆ ಆಯಾ ವರ್ಷದ ಅಂಕ ಮಾತ್ರ. ಬರೆದರೆ ಕಳೆದುಕೊಳ್ಳುವುದು ಅರ್ಜಿ ಶುಲ್ಕವೊಂದೇ. ಸಿಗುವುದು ಅದಕ್ಕಿಂತ ದೊಡ್ಡದು: ನಿಜವಾದ ಸಭಾಂಗಣ, ನಿಜವಾದ ಓಎಂಆರ್ ಹಾಳೆ, ನಿಜವಾದ ಗಡಿಬಿಡಿ. ಆದ್ದರಿಂದ ಹನ್ನೆರಡನೇ ತರಗತಿಯ ವರ್ಷವೇ ಬರೆಯಿರಿ.

ಅದರ ಜೊತೆ ಬೋರ್ಡ್ ಪರೀಕ್ಷೆಯನ್ನು ಮರೆಯಬೇಡಿ. ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇ. 50, ಹಿಂದುಳಿದ ವರ್ಗ, ಪರಿಶಿಷ್ಟರಿಗೆ ಶೇ. 40 ಬೇಕು. ಇಂಗ್ಲಿಷಿನಲ್ಲೂ ಪಾಸಾಗಿರಬೇಕು. ನೀಟ್‌ನಲ್ಲಿ ಒಳ್ಳೆಯ ಅಂಕ ಬಂದು ಬೋರ್ಡಿನಲ್ಲಿ ಇದು ಇಲ್ಲದಿದ್ದರೆ ಸೀಟು ಕೈತಪ್ಪುತ್ತದೆ.

ಊರು ಬದಲಿಸುವ ಮುನ್ನ ಈ ಲೆಕ್ಕ

ಹೊರನಾಡಿನ ಕನ್ನಡಿಗರು ಹೆಚ್ಚು ಎಡವುವುದು ಇಲ್ಲಿ. ಸರಕಾರಿ ಕಾಲೇಜುಗಳ ಶೇ. 15 ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರಿವೆ, ಅದಕ್ಕೆ ಯಾವ ರಾಜ್ಯದವರೂ ಅರ್ಜಿ ಹಾಕಬಹುದು. ಉಳಿದ ಶೇ. 85 ಆಯಾ ರಾಜ್ಯದ ಕೋಟಾ. ಆ ರಾಜ್ಯದವರು ಯಾರು ಎಂಬುದನ್ನು ನೀವು ಎಲ್ಲಿ ಓದಿದಿರಿ ಎಂಬುದೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಮಹಾರಾಷ್ಟ್ರದಲ್ಲಿ ಡೊಮಿಸೈಲ್ ಜೊತೆಗೆ ಹತ್ತು ಮತ್ತು ಹನ್ನೆರಡು ಎರಡನ್ನೂ ಅಲ್ಲೇ ಪಾಸಾಗಿರಬೇಕು. ತೆಲಂಗಾಣದಲ್ಲಿ ಹನ್ನೆರಡರವರೆಗಿನ ನಾಲ್ಕು ವರ್ಷ ಸತತವಾಗಿ ಅಲ್ಲಿ ಓದಿರಬೇಕು. ಈ ನಿಯಮವನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ದೆಹಲಿಯಲ್ಲಿ ಹನ್ನೊಂದು, ಹನ್ನೆರಡನ್ನು ಅಲ್ಲಿನ ಶಾಲೆಯಲ್ಲಿ ಮುಗಿಸಿರುವುದು ಮುಖ್ಯ.

ಈಗ ಮುಂಬೈಯ ಒಂದು ಕುಟುಂಬ ಮಗಳನ್ನು ಹತ್ತರ ನಂತರ ಪಿಯುಸಿಗೆ ಮಂಗಳೂರಿಗೋ ಬೀದರಿಗೋ ಕಳಿಸಿತು ಎಂದುಕೊಳ್ಳಿ. ಹನ್ನೆರಡನ್ನು ಮಹಾರಾಷ್ಟ್ರದಲ್ಲಿ ಓದದ ಕಾರಣ ಅಲ್ಲಿನ ರಾಜ್ಯ ಕೋಟಾ ಹೋಯಿತು. ಕರ್ನಾಟಕದ ಸಾಮಾನ್ಯ ನಿಯಮ ಒಂದರಿಂದ ಹನ್ನೆರಡರೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಎನ್ನುತ್ತದೆ. ಅದೂ ಇಲ್ಲ. ಎರಡು ರಾಜ್ಯದ ನಡುವೆ ಹುಡುಗಿ ಎಲ್ಲಿಯೂ ಇಲ್ಲದವಳಾದಳು.

ಇದಕ್ಕೊಂದು ದಾರಿ ಇದೆ. ವಿದ್ಯಾರ್ಥಿ ಎರಡೂ ವರ್ಷದ ಪಿಯುಸಿಯನ್ನು ಕರ್ನಾಟಕದಲ್ಲಿ ಓದಿ ಪಾಸಾಗಿ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಕೆಇಎ ನಿಯಮದಂತೆ ಅರ್ಹತೆ ಸಿಗುತ್ತದೆ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿ ಮುಂಬೈಗೆ ಬಂದ ತಂದೆಯ ಹಳೆಯ ವ್ಯಾಸಂಗ ಪ್ರಮಾಣಪತ್ರ ಆಗ ಮಗಳ ಸೀಟಿನ ಕೀಲಿಕೈ. ಆದರೆ ಐದನೆಯ ತರಗತಿಗೇ ಶಾಲೆ ಬಿಟ್ಟು ಹೋಟೆಲ್ ಕೆಲಸಕ್ಕೆ ಬಂದವರಿಗೆ ಇದು ಅನ್ವಯಿಸುವುದಿಲ್ಲ, ತಾಯಿಯ ದಾಖಲೆ ನೋಡಬೇಕು. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಷರತ್ತುಗಳೂ ಇವೆ, ಅವರಿಗೆ ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಇದೆ. ಕೋಚಿಂಗ್ ಆಸೆಗೆ ಮಗುವನ್ನು ರಾಜ್ಯ ದಾಟಿಸುವ ಮೊದಲು ಎರಡೂ ರಾಜ್ಯಗಳ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಸಾಲು ಸಾಲಾಗಿ ಓದಿ. ಹತ್ತರ ನಂತರದ ಈ ಒಂದು ನಿರ್ಧಾರ ನೂರು ಅಂಕಕ್ಕಿಂತ ಭಾರವಾಗಬಹುದು. ಹನ್ನೆರಡು ಮುಗಿದ ಮೇಲೆ ಬರೀ ಕೋಚಿಂಗಿಗೆಂದು ಹೊರಗೆ ಹೋದರೆ ಈ ಸಮಸ್ಯೆ ಬರುವುದಿಲ್ಲ.

ಇನ್ನೊಂದು ವರ್ಷ: ಯಾರಿಗೆ ಹೌದು, ಯಾರಿಗೆ ಬೇಡ?

ಮೊದಲು ಅಂಕ ಬಿಟ್ಟು ರ‍್ಯಾಂಕ್ ನೋಡಿ. 2024ರಲ್ಲಿ ಹಲವರಿಗೆ 720ಕ್ಕೆ 720 ಬಂದಿತ್ತು, 2025ರಲ್ಲಿ ದೇಶದ ಮೊದಲ ಸ್ಥಾನಕ್ಕೆ ಬಂದದ್ದು 686. ಪ್ರಶ್ನೆಪತ್ರಿಕೆಯ ಕಷ್ಟ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. "ಹೋದ ವರ್ಷ ಪಕ್ಕದ ಮನೆಯ ಹುಡುಗನಿಗೆ ಇಷ್ಟಕ್ಕೇ ಸೀಟು ಸಿಕ್ಕಿತ್ತು" ಎಂಬ ಮಾತಿಗೆ ಅರ್ಥವಿಲ್ಲ. ನಿಮ್ಮ ರಾಜ್ಯದ, ನಿಮ್ಮ ವರ್ಗದ ಕೊನೆಯ ಸುತ್ತಿನ ಕೊನೆಯ ರ‍್ಯಾಂಕ್ ಎಷ್ಟಿತ್ತು, ನಿಮ್ಮದು ಅದರಿಂದ ಎಷ್ಟು ದೂರ, ಇದೇ ಸರಿಯಾದ ಅಳತೆ.

ಎರಡನೆಯದು, ಅಂಕ ಎಲ್ಲಿ ಹೋಯಿತು? ಇಬ್ಬರಿಗೆ 430 ಬಂದಿದೆ ಎಂದುಕೊಳ್ಳೋಣ. ಒಬ್ಬಳು ಬೋರ್ಡ್ ಪರೀಕ್ಷೆಯ ಒತ್ತಡದಲ್ಲಿ ಭೌತಶಾಸ್ತ್ರದ ಅರ್ಧ ಪಾಠ ಮುಟ್ಟಿಯೇ ಇರಲಿಲ್ಲ, ಜೀವಶಾಸ್ತ್ರದಲ್ಲಿ 300 ದಾಟಿದ್ದಾಳೆ. ಅವಳಿಗೆ ಒಂದು ವರ್ಷ ಕೊಟ್ಟರೆ ಅಂಕ ಏರಲು ಸ್ಪಷ್ಟ ಜಾಗವಿದೆ. ಇನ್ನೊಬ್ಬ ಎರಡು ವರ್ಷ ಪೂರ್ತಿ ಕೋಚಿಂಗ್ ಮುಗಿಸಿ, ಎಲ್ಲ ಪಾಠ ಓದಿ, ಮೂರನೇ ಸಲಕ್ಕೂ ಅಲ್ಲಲ್ಲೇ ನಿಂತಿದ್ದಾನೆ. ಅದೇ ಕ್ರಮದಲ್ಲಿ ಇನ್ನೊಂದು ವರ್ಷ ಓದಿದರೆ ಫಲ ಬದಲಾಗುವ ಸಂಭವ ಕಡಿಮೆ. ಒಂದೇ ಅಂಕ, ಉತ್ತರ ಮಾತ್ರ ಬೇರೆ ಬೇರೆ.

ಮೂರನೆಯದು, ಮನೆಯ ಪರಿಸ್ಥಿತಿ. ಕೋಚಿಂಗ್, ಹಾಸ್ಟೆಲ್ ಖರ್ಚಿಗೆ ಸಾಲ ಮಾಡಬೇಕೆ? ಆ ದುಡ್ಡು ನಾಳೆ ಕಾಲೇಜು ಶುಲ್ಕಕ್ಕೆ ಬೇಕಾಗುವುದಿಲ್ಲವೆ? ಕರ್ನಾಟಕದ ನಿವಾಸಿಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆ ಇದೆ, ಆದರೆ ಅದು ಸೀಟು ಸಿಕ್ಕ ಮೇಲಿನ ಮಾತು.

ನಾಲ್ಕನೆಯದು, ಮಗುವಿನ ಮನಸ್ಸು. ಇಡೀ ವರ್ಷ ಗೆಳೆಯರೆಲ್ಲ ಕಾಲೇಜಿಗೆ ಹೋಗುವಾಗ ಒಂಟಿಯಾಗಿ ಕುಳಿತು ಓದುವುದು ಸುಲಭವಲ್ಲ. ನಿದ್ರೆ ಕೆಟ್ಟಿದೆ, ಊಟ ಬಿಟ್ಟಿದ್ದಾರೆ, ಮಾತು ಕಡಿಮೆಯಾಗಿದೆ ಎಂದರೆ ಮೊದಲು ಅದನ್ನು ನೋಡಿಕೊಳ್ಳಿ, ಸೀಟಿನ ಮಾತು ಆಮೇಲೆ.

ಇಲ್ಲಿ ಪೋಷಕರಿಗೆ ಒಂದು ಮಾತು ನೇರವಾಗಿ ಹೇಳಲೇಬೇಕು. ಮಗನಿಗೆ ಮೂರು ವರ್ಷ ಕಾಯುವ ಮನೆ ಮಗಳಿಗೆ ಒಂದು ವರ್ಷವೂ ಕಾಯುವುದಿಲ್ಲ. "ಇನ್ನೆಷ್ಟು ದಿನ ಮನೇಲಿ ಕೂತಿರ್ತಾಳೆ, ಸಂಬಂಧ ಬಂದಿದೆ" ಅಂತ ಮಾತು ಶುರುವಾಗುತ್ತದೆ. ಮೇಲಿನ ನಾಲ್ಕು ಪ್ರಶ್ನೆಗಳನ್ನು ಇಬ್ಬರಿಗೂ ಒಂದೇ ತಕ್ಕಡಿಯಲ್ಲಿ ತೂಗಿ. ಹೆಣ್ಣುಮಕ್ಕಳು ತೋರಿಸಿಕೊಳ್ಳಲು ಲೇಡಿ ಡಾಕ್ಟರ್ ಬೇಕು ಎನ್ನುವ ಸಮುದಾಯ, ಡಾಕ್ಟರ್ ಆಗಹೊರಟ ಹುಡುಗಿಗೆ ಹನ್ನೆರಡು ತಿಂಗಳು ಕೊಡದಿದ್ದರೆ ಆ ಡಾಕ್ಟರ್ ಬರುವುದಾದರೂ ಎಲ್ಲಿಂದ?

ಒಂದು ವರ್ಷ ತೆಗೆದುಕೊಂಡರೆ ಅದಕ್ಕೆ ಗಡಿ ಹಾಕಿ. ಈಗಲೇ ಎರಡನೇ ದಾರಿಯನ್ನೂ ಬರೆದಿಡಿ: ಬಿಡಿಎಸ್, ಬಿಎಎಂಎಸ್, ಬಿಯುಎಂಎಸ್, ಬಿ.ಎಸ್ಸಿ. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ. ಇವು ಸೋತವರ ಕೋರ್ಸುಗಳಲ್ಲ, ಆಸ್ಪತ್ರೆ ನಡೆಯುವುದೇ ಇವರೆಲ್ಲರಿಂದ.

ತಯಾರಿ ಹೇಗಿರಬೇಕು?

ಎನ್‌ಸಿಇಆರ್‌ಟಿ ಪುಸ್ತಕವೇ ಅಡಿಪಾಯ. ಜೀವಶಾಸ್ತ್ರದ 360 ಅಂಕ ಬಹುಪಾಲು ಅದರ ಸಾಲು, ಚಿತ್ರ, ಕೋಷ್ಟಕಗಳಿಂದಲೇ ಹುಟ್ಟುತ್ತದೆ. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣ ಬೋರ್ಡುಗಳಿಗೆ ಅವರದೇ ಪಠ್ಯಪುಸ್ತಕಗಳಿವೆ. ಅಲ್ಲಿ ಓದುವವರು ಎನ್‌ಸಿಇಆರ್‌ಟಿಯನ್ನು ಪ್ರತ್ಯೇಕವಾಗಿ ಹಿಡಿಯಬೇಕು. ಜಾಲತಾಣದಲ್ಲಿ ಅದು ಉಚಿತ. ಪಠ್ಯಕ್ರಮವನ್ನು 2024ರಲ್ಲಿ ಕಡಿತಗೊಳಿಸಲಾಗಿದೆ. ಅಣ್ಣ, ಅಕ್ಕ ಕೊಟ್ಟ ಹಳೆಯ ಗೈಡ್ ನಂಬಿ ತೆಗೆದುಹಾಕಿದ ಪಾಠ ಓದುತ್ತಾ ಕೂರಬೇಡಿ, ಪಟ್ಟಿ ತಾಳೆ ನೋಡಿ.

ಭೌತಶಾಸ್ತ್ರವನ್ನು ಓದಿ ಕಲಿಯಲಾಗದು, ಲೆಕ್ಕ ಮಾಡಿಯೇ ಕಲಿಯಬೇಕು. ದಿನಕ್ಕೆ ಮೂವತ್ತು ಲೆಕ್ಕವನ್ನಾದರೂ ಕೈಯಿಂದ ಮಾಡಿ. ಉತ್ತರ ನೋಡಿ "ಓ, ಇದು ಗೊತ್ತಿತ್ತು" ಎನ್ನುವುದು ಕಲಿಕೆಯಲ್ಲ.

ಅಣಕು ಪರೀಕ್ಷೆ ಎಷ್ಟು ಬರೆದಿರಿ ಎಂಬುದಕ್ಕಿಂತ ಬರೆದ ಮೇಲೆ ಏನು ಮಾಡಿದಿರಿ ಎಂಬುದು ಮುಖ್ಯ. ಮೂರು ಗಂಟೆ ಬರೆದರೆ ಮೂರು ಗಂಟೆ ತಪ್ಪುಗಳ ಜೊತೆ ಕೂರಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ಗೊತ್ತಿರಲಿಲ್ಲ, ಮರೆತಿದ್ದೆ, ಪ್ರಶ್ನೆ ಸರಿಯಾಗಿ ಓದಲಿಲ್ಲ, ಲೆಕ್ಕ ತಪ್ಪಿತು. ಎರಡು ತಿಂಗಳಲ್ಲಿ ನಿಮ್ಮ ರೋಗ ಯಾವುದೆಂದು ಅದೇ ಹೇಳುತ್ತದೆ. ಅಣಕು ಪರೀಕ್ಷೆಯನ್ನು ಮಧ್ಯಾಹ್ನ ಎರಡರಿಂದ ಐದರವರೆಗೆ, ಓಎಂಆರ್ ಹಾಳೆಯ ಮೇಲೆಯೇ ಬರೆಯಿರಿ. 2025ರಲ್ಲಿ ನಿಜವಾದ ಪರೀಕ್ಷೆ ನಡೆದದ್ದೂ ಆ ಹೊತ್ತಿನಲ್ಲೇ. ಜೀವಶಾಸ್ತ್ರಕ್ಕೆ 50 ನಿಮಿಷ, ರಸಾಯನಕ್ಕೆ 50, ಭೌತಕ್ಕೆ 60, ಉಳಿದ 20 ನಿಮಿಷ ಬಿಟ್ಟ ಪ್ರಶ್ನೆಗಳಿಗೆ, ಹೀಗೊಂದು ಹಂಚಿಕೆ ರೂಢಿಸಿಕೊಳ್ಳಿ.

ಊಹಿಸಿ ಗುರುತು ಹಾಕಬಹುದೇ? ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ತಪ್ಪೆಂದು ಗೊತ್ತಿದ್ದರೆ, ಅಂಥ ಎರಡು ಪ್ರಶ್ನೆಗಳಲ್ಲಿ ಸರಾಸರಿ ಒಂದು ಸರಿ, ಒಂದು ತಪ್ಪು. ನಾಲ್ಕು ಬಂತು, ಒಂದು ಹೋಯಿತು, ಮೂರು ಲಾಭ. ಅಲ್ಲಿ ಧೈರ್ಯ ಮಾಡಿ. ಏನೂ ಗೊತ್ತಿಲ್ಲದ ಕಡೆ ಲಾಭ ಬಹಳ ಚಿಕ್ಕದು. ಪ್ರಶ್ನೆ ತಯಾರಿಸಿದವರು ಅರೆತಿಳಿವಿನವರನ್ನು ಸೆಳೆಯುವಂತೆಯೇ ತಪ್ಪು ಆಯ್ಕೆಗಳನ್ನು ಇಟ್ಟಿರುತ್ತಾರೆ, ಆದ್ದರಿಂದ ಆ ಚಿಕ್ಕ ಲಾಭವೂ ಹಲವು ಸಲ ಕೈಗೆ ಬರುವುದಿಲ್ಲ.

ಕೆಲವು ಸಣ್ಣ ಸಂಗತಿಗಳು

ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಬೇಕೆಂದರೆ ಪರೀಕ್ಷಾ ಕೇಂದ್ರ ಕರ್ನಾಟಕದಲ್ಲೇ ಇರಬೇಕು. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ಅರ್ಜಿ ತುಂಬುವಾಗಲೇ ಗಮನಿಸಬೇಕು. ಉರ್ದು ಪತ್ರಿಕೆ ದೇಶದ ಎಲ್ಲ ಕಡೆ ಸಿಗುತ್ತದೆ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮ, ಹಾಗಾಗಿ ವೈಜ್ಞಾನಿಕ ಪದಗಳನ್ನು ಇಂಗ್ಲಿಷಿನಲ್ಲೂ ಗುರುತು ಹಿಡಿಯುವಂತಿರಲಿ.

ಈ ಕೆಲವು ವರ್ಷ ರಮಝಾನ್ ಬರುತ್ತಿರುವುದು ಬೋರ್ಡ್ ಪರೀಕ್ಷೆಯ ಆಸುಪಾಸಿನ ಫೆಬ್ರವರಿ, ಮಾರ್ಚಿನಲ್ಲಿ. ಕಷ್ಟದ ಓದನ್ನು ಸಹರಿಯ ನಂತರದ ಹೊತ್ತಿಗೆ ಇಟ್ಟುಕೊಳ್ಳಿ, ಸಂಜೆಗೆ ಪುನರಾವರ್ತನೆ ಸಾಕು. ಹಿಜಾಬ್ ಧರಿಸುವವರು ಪರೀಕ್ಷಾ ಕೇಂದ್ರಕ್ಕೆ ಬೇಗ ಹೋಗಬೇಕು, ತಪಾಸಣೆಗೆ ಹೆಚ್ಚು ಸಮಯ ಹಿಡಿಯುತ್ತದೆ. 2025ರಲ್ಲಿ ಒಂದೂವರೆಗೆ ಗೇಟು ಮುಚ್ಚಿತ್ತು. ಝುಹರ್ ನಮಾಝ್ ಎಲ್ಲಿ ಮಾಡುವುದು ಎಂಬುದನ್ನು ಹಿಂದಿನ ದಿನವೇ ಕೇಂದ್ರ ನೋಡಿಕೊಂಡು ಬರುವಾಗ ತೀರ್ಮಾನಿಸಿ.

ಹಿಂದುಳಿದ ವರ್ಗದ ಪ್ರಮಾಣಪತ್ರ ರಾಜ್ಯಕ್ಕೆ ಬೇರೆ, ಅಖಿಲ ಭಾರತ ಕೋಟಾಕ್ಕೆ ಕೇಂದ್ರದ ನಮೂನೆ ಬೇರೆ. ಎರಡನ್ನೂ ಪರೀಕ್ಷೆಗೆ ಮೊದಲೇ ಮಾಡಿಸಿ. ಕೌನ್ಸೆಲಿಂಗ್ ಶುರುವಾದ ಮೇಲೆ ತಹಶೀಲ್ದಾರ್ ಕಚೇರಿಯ ಮುಂದೆ ಸಾಲು ನಿಲ್ಲುವ ಹೊತ್ತಿಗೆ ಒಂದು ಸುತ್ತು ಮುಗಿದಿರುತ್ತದೆ.

ಈ ವಾರ ಒಂದು ಕೆಲಸ ಮಾಡಿ. ವಿದ್ಯಾರ್ಥಿ, ತಂದೆ, ತಾಯಿ ಮೂವರೂ ಒಟ್ಟಿಗೆ ಕುಳಿತು ಒಂದು ಹಾಳೆಯಲ್ಲಿ ಬರೆಯಿರಿ: ಯಾವ ರಾಜ್ಯದ ಕೋಟಾ ನಮ್ಮದು, ಕಳೆದ ವರ್ಷದ ಕೊನೆಯ ರ‍್ಯಾಂಕ್ ಎಷ್ಟು, ಯಾವ ವಿಷಯದಲ್ಲಿ ಅಂಕ ಹೋಗುತ್ತಿದೆ, ಎಷ್ಟು ಖರ್ಚು ಮಾಡಬಲ್ಲೆವು, ಸೀಟು ಸಿಗದಿದ್ದರೆ ಏನು. ಐದು ಸಾಲು ಸಾಕು. ಮಗು ಏನು ಹೇಳುತ್ತದೆ ಎಂಬುದನ್ನು ಮೊದಲು ಕೇಳಿಸಿಕೊಳ್ಳಿ. ಓದಬೇಕಾದದ್ದು ಅದೇ ತಾನೇ?