ಎರೆಹೊಲದ ಬಿಲ್ಲೆ ಯಾರದು?

ಹೊಲದಲ್ಲಿ ಹಸಿರುಗಟ್ಟಿದ ತಾಮ್ರದ ಬಿಲ್ಲೆಯೊಂದು ಸಿಕ್ಕಿತೆಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಹುಣಸೆಹಣ್ಣು. ಹಿತ್ತಾಳೆ ತಂಬಿಗೆ ಬೆಳಗಿದಂತೆ ಗಸಗಸ ತಿಕ್ಕಿ ಹೊಳೆಯಿಸಿ, ಆಮೇಲೆ ‘ಇದರ ಮ್ಯಾಲೆ ಏನೂ ಕಾಣವಲ್ದು’ ಎನ್ನುತ್ತಾರೆ. ಕಾಣುವುದಾದರೂ ಹೇಗೆ? ನೂರಾರು ವರ್ಷ ಮಣ್ಣಲ್ಲಿದ್ದ ತಾಮ್ರದ ಮೇಲ್ಮೈ ಕಿಲುಬಾಗಿರುತ್ತದೆ. ಅಳಿದುಳಿದ ಅಕ್ಷರವಿರುವುದು ಆ ಪದರದಲ್ಲೇ. ಹುಳಿ ತಿಂದುಹಾಕುವುದೂ ಅದನ್ನೇ. ಬರೀ ನೀರಲ್ಲಿ ತೊಳೆದು, ನೆರಳಲ್ಲಿ ಆರಿಸಿ, ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಅಡ್ಡ ಹಿಡಿದು ನೋಡಿ. ಸವೆದ ಗೆರೆಗೂ ನೆರಳು ಬೀಳುತ್ತದೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಈ ತಾಳ್ಮೆ ತುಸು ಹೆಚ್ಚೇ ಬೇಕು. ಕೃಷ್ಣೆ–ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ಬಹಮನಿಗಳು, ವಿಜಯನಗರದವರು, ಆದಿಲಶಾಹಿಗಳು ತಲೆಮಾರುಗಟ್ಟಲೆ ಬಡಿದಾಡಿದರು. ಆಮೇಲೆ ಮೊಘಲರು, ನಿಜಾಮರು, 1853ರಿಂದ 1860ರವರೆಗೆ ಬ್ರಿಟಿಷರು, ಮತ್ತೆ ನಿಜಾಮರು. ಹೊಳೆಯಾಚೆಯ ಬಳ್ಳಾರಿ 1800ರಿಂದಲೇ ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿತ್ತು. ಅಲ್ಲಿನ ಕಾಸು ಇತ್ತ ಹೊಳೆ ದಾಟಿದ್ದರೆ ಅಚ್ಚರಿಯಿಲ್ಲ. ಅರಸರು ಬದಲಾದಷ್ಟು ಬೇಗ ಸಂತೆಯ ದುಡ್ಡು ಬದಲಾಗುವುದಿಲ್ಲ.

ಆದ್ದರಿಂದ ಚಿತ್ರ ಹುಡುಕುವ ಮೊದಲು ಅಕ್ಕಸಾಲಿಗರ ತಕ್ಕಡಿಗೆ ಹಾಕುವುದು ಒಳ್ಳೆಯದು. ಬ್ರಿಟಿಷರ ಕಾಲಾಣೆ 1906ಕ್ಕೆ ಮೊದಲು ತಾಮ್ರದ್ದು, ಸುಮಾರು 6.5 ಗ್ರಾಂ. ಆಮೇಲಿನದು ಕಂಚು, 4.9 ಗ್ರಾಂ. ಎರಡರ ಅಗಲವೂ ಒಂದೇ. ಮುಖ ಪೂರ್ತಿ ಅಳಿದ ಬಿಲ್ಲೆಯನ್ನೂ ಹೀಗೆ ಆ ವರ್ಷದ ಆಚೆಗೋ ಈಚೆಗೋ ಇಡಬಹುದು. ವಿಜಯನಗರದ ಚಿನ್ನದ ವರಹ 3.4 ಗ್ರಾಂ ಆಸುಪಾಸು. ಬ್ರಿಟಿಷ್ ಬೆಳ್ಳಿ ರೂಪಾಯಿ 11.66 ಗ್ರಾಂ, ನಿಜಾಮರ ಹಾಲಿ ಸಿಕ್ಕ 11.18. ಆದರೆ ಚೆನ್ನಾಗಿ ಸವೆದ ಬ್ರಿಟಿಷ್ ರೂಪಾಯಿ ಹಾಲಿಯಷ್ಟೇ ತೂಗೀತು. ತಕ್ಕಡಿಯೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ.

ನಿಜಾಮರ ನಾಣ್ಯ ಹೊಸಬರನ್ನು ಇನ್ನೊಂದು ಬಗೆಯಲ್ಲಿ ಏಮಾರಿಸುತ್ತದೆ. ಅದರ ಮೇಲೆ ಅರಬ್ಬಿ ಅಂಕಿಯಲ್ಲಿ 92 ಎಂದಿರುತ್ತದೆ. ಇಸವಿ ಎಂದು ಓದಿದರೆ ಕೆಟ್ಟಿರಿ. ಅದು ಅಕ್ಷರಗಳಿಗೆ ಬೆಲೆ ಕಟ್ಟುವ ಅಬ್ಜದ್ ಲೆಕ್ಕ: ಮೀಮ್ 40, ಹೇ 8, ಮತ್ತೊಂದು ಮೀಮ್ 40, ದಾಲ್ 4. ಕೂಡಿಸಿದರೆ ಮುಹಮ್ಮದ್ ಎಂಬ ಹೆಸರು. ನಿಜವಾದ ಇಸವಿ ಹಿಜರಿಯಲ್ಲಿರುತ್ತದೆ, ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಹತ್ತಿರದ ಕ್ರಿಸ್ತಶಕ ಸಿಗುತ್ತದೆ. ಹಿಜರಿ 1329 ಎಂದರೆ 1911, ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ತೀರಿಕೊಂಡ ವರ್ಷ. ಚಾರ್‌ಮಿನಾರ್ ಇರುವ ರೂಪಾಯಿಯಾದರೆ ಅದರ ಬಾಗಿಲೊಳಗೆ ಇಣುಕಿ ನೋಡಿ. ಮೀಮ್ ಇದ್ದರೆ ಮಹಬೂಬನದು, ಐನ್ ಇದ್ದರೆ ಅವನ ಮಗ ಉಸ್ಮಾನನದು.

ಹೆಸರಿನ ಮಾತು ಬಂದಾಗ ಮಸ್ಕಿಯನ್ನು ಬಿಟ್ಟು ಮುಂದೆ ಹೋಗಲಾಗದು. 1837ರ ಹೊತ್ತಿಗೆ ಬ್ರಾಹ್ಮಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹದ ಶುದ್ಧಿ ಪರೀಕ್ಷಿಸುವ ಅಧಿಕಾರಿ. ಅವನು ಓದಿದ ಶಾಸನಗಳಲ್ಲಿದ್ದದ್ದು ‘ದೇವಾನಾಂಪ್ರಿಯ’ ಎಂಬ ಬಿರುದು. 1915ರಲ್ಲಿ ಮಸ್ಕಿಯ ಬಂಡೆಯನ್ನು ಕಂಡವನು ಸಿ. ಬೀಡನ್, ಚಿನ್ನದ ಅದಿರಿನ ಹಿಂದೆ ಬಿದ್ದಿದ್ದ ಗಣಿ ಎಂಜಿನಿಯರ್. ಆ ಬಂಡೆಯ ಮೇಲೆ ಬಿರುದಿನ ಜೊತೆಗೇ ‘ಅಸೋಕ’ ಎಂಬ ಹೆಸರೂ ಇತ್ತು. ಒಬ್ಬ ಅರಸನ ಗುರುತು ಪತ್ತೆಯಾದದ್ದು ಲೋಹದ ಕಸುಬಿನ ಇಬ್ಬರಿಂದ. ಆದರೆ ಅವನ ಕಾಲದ ನಾಣ್ಯದಲ್ಲಿ ಅವನ ಹೆಸರೇ ಇಲ್ಲ. ಮುದ್ರೆ ಒತ್ತಿದ ಆ ಬೆಳ್ಳಿಯ ಚೂರುಗಳ ಮೇಲೆ ಸಾಮಾನ್ಯವಾಗಿ ಐದು ಗುರುತು, ಸೂರ್ಯನೋ ಬೆಟ್ಟವೋ. ಅಕ್ಷರ ಒಂದೂ ಇಲ್ಲ.

ಹೆಸರಿಲ್ಲದ ಇಂಥ ನಾಣ್ಯದ ಪರವಾಗಿ ಮಾತಾಡುವುದು ಅದು ಬಿದ್ದಿದ್ದ ಜಾಗ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ರೋಮಿನ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತು. ಅಂಥವು ದಕ್ಷಿಣ ಭಾರತದಲ್ಲಿ ರಾಶಿರಾಶಿ ಸಿಕ್ಕಿವೆ. ಅದಕ್ಕೆ ತೂಕ ಬಂದದ್ದು ಮಣ್ಣಿನ ಯಾವ ಪದರದಲ್ಲಿ, ಯಾವ ಮಡಕೆಚೂರುಗಳ ಜೊತೆ ಇತ್ತೆಂಬುದರಿಂದ. ಆ ಪದರದ ಕಾಲ ಅಳೆಯಲು ಅದು ನೆರವಾಯಿತು. ಮೆಟಲ್ ಡಿಟೆಕ್ಟರ್ ಹಿಡಿದು ರಾತ್ರಿ ಗುಂಡಿ ತೋಡುವ ನಿಧಿಗಳ್ಳರು ಹಾಳು ಮಾಡುವುದು ಇದನ್ನೇ. ಯಂತ್ರಕ್ಕೆ ಕೇಳುವುದು ಲೋಹ ಮಾತ್ರ. ಪಕ್ಕದ ಮಡಕೆಚೂರು, ಮಣಿ, ಬೂದಿ ಅದರ ಪಾಲಿಗೆ ಇಲ್ಲವೇ ಇಲ್ಲ.

ಇನ್ನು ಹುಸಿ ಬಿಲ್ಲೆಗಳ ಕಾಟ. ‘ಈಸ್ಟ್ ಇಂಡಿಯಾ ಕಂಪನಿ, 1818’ ಎಂದು ಬರೆದು, ಹಿಂದೆ ಹನುಮಂತನನ್ನೋ ರಾಮ ಪರಿವಾರವನ್ನೋ ಕೂರಿಸಿದ ಅರ್ಧ ಆಣೆ ಸಂತೆ, ಜಾತ್ರೆಗಳಲ್ಲಿ ಸಿಗುತ್ತದೆ. ಕೆಲವುಗಳ ಮೇಲೆ 1616 ಎಂದೂ ಇರುತ್ತದೆ! ಕಂಪನಿ ಇಂಥ ನಾಣ್ಯ ಹೊಡೆದೇ ಇಲ್ಲ. ಅಕ್ಕಿ ಕಾಳು ಎಳೆಯುತ್ತದೆ, ಕೋಟಿ ಬೆಲೆ ಬಾಳುತ್ತದೆ ಎಂದು ‘ರೈಸ್ ಪುಲ್ಲಿಂಗ್’ ಹೆಸರಲ್ಲಿ ಟೋಪಿ ಹಾಕುವವರು ಇಂಥವನ್ನೂ ಮುಂದಿಡುತ್ತಾರೆ. ಅಕ್ಕಿ ಎಳೆಯುವ ತಾಮ್ರ ಲೋಕದಲ್ಲಿಲ್ಲ.

ನೇಗಿಲಿಗೋ ಜೆಸಿಬಿಗೋ ನಿಜವಾದದ್ದೇ ಸಿಕ್ಕಿತೆನ್ನಿ. ಅಲ್ಲಿಗೇ ಅಗೆತ ನಿಲ್ಲಿಸಿ, ಇದ್ದ ಜಾಗದ ಫೋಟೊ ತೆಗೆದು, ಸರ್ವೆ ನಂಬರು ಬರೆದಿಡಿ. 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ನಿಧಿಯ ಸುದ್ದಿ ಜಿಲ್ಲಾಧಿಕಾರಿಗೆ ಹೋಗಬೇಕು. ಮಸ್ಕಿಯ ಶಾಸನದಂಥ ಸಂರಕ್ಷಿತ ತಾಣದಲ್ಲಂತೂ ಪರವಾನಗಿ ಇಲ್ಲದೆ ಅಗೆಯುವುದೇ ಅಪರಾಧ. ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಿಲ್ಲೆಯನ್ನು ಒಣ ಕಾಗದದಲ್ಲಿ ಸುತ್ತಿ ಒಪ್ಪಿಸಿ.