ಈ ಇರುವೆಗೆ ಎಂಟು ಕಾಲು!

ಡಿಗ್ರಿ ಮುಗಿಸಿ, ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಾ ಮನೆಯಲ್ಲಿ ಕೂತವರಿಗೆ ಎರಡು ಪ್ರಶ್ನೆ ತಪ್ಪಿದ್ದಲ್ಲ. ‘ಈಗೇನ್ ಮಾಡ್ತಿದೀಯಾ?’ ಅನ್ನುವುದು ಒಂದು. ಕೈಯಲ್ಲಿ ಕ್ಯಾಮೆರಾ ಕಂಡರೆ ಎರಡನೆಯದು: ‘ಡಿಎಸ್‌ಎಲ್‌ಆರ್ ಇಲ್ದೆ ಮ್ಯಾಕ್ರೊ ಫೋಟೊ ಬರುತ್ತಾ?’

ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಎರಡನೆಯದಕ್ಕೆ ಇದೆ: ಬರುತ್ತೆ. ಸಂಬಳವೇ ಇಲ್ಲದಾಗ ಲೆನ್ಸ್‌ಗೆ ಕಂತು ಕಟ್ಟುವ ಯೋಚನೆ ಬಿಡಿ. ಸ್ಮಾರ್ಟ್‌ಫೋನ್ ಬಂದ ಮೇಲೆ ಬೀರು ಸೇರಿದ ಕಾಂಪ್ಯಾಕ್ಟ್ ಕ್ಯಾಮೆರಾ ಎಷ್ಟೋ ಮನೆಗಳಲ್ಲಿದೆ. ನನ್ನದು ಅಕ್ಕನ ಮದುವೆಗೆಂದು ಕೊಂಡಿದ್ದು.

ಅದರಲ್ಲಿ ಪುಟ್ಟ ಹೂವಿನ ಚಿತ್ರವಿರುವ ಗುಂಡಿ ಇರುತ್ತದೆ. ಅದೇ ಮ್ಯಾಕ್ರೊ. ಒತ್ತಿದ ಮೇಲೆ ಜೂಮ್ ಮಾತ್ರ ಮುಟ್ಟಬೇಡಿ. ಸಾಮಾನ್ಯವಾಗಿ ಇಂಥ ಕ್ಯಾಮೆರಾಗಳು ಜೂಮ್ ಇಲ್ಲದಾಗಲೇ ಅತಿ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯುತ್ತವೆ. ಕೆಲವು 1 ಸೆಂ.ಮೀ. ದೂರದಿಂದಲೂ. ಜೂಮ್ ಮಾಡಿದಷ್ಟೂ ಹಿಂದೆ ಸರಿಯಬೇಕಾಗುತ್ತದೆ. ಸೆನ್ಸರ್ ಚಿಕ್ಕದಾದ್ದರಿಂದ ಹುಳುವಿನ ಕಣ್ಣಷ್ಟೇ ಅಲ್ಲ, ಬೆನ್ನೂ ತಕ್ಕಮಟ್ಟಿಗೆ ಸ್ಪಷ್ಟವಾಗಿ ಬರುತ್ತದೆ. ದುಬಾರಿ ಕ್ಯಾಮೆರಾದವರು ಇದಕ್ಕೆ ಪರದಾಡುತ್ತಾರೆ!

ತೊಂದರೆ ಬೆಳಕಿನದು. ಅಷ್ಟು ಹತ್ತಿರ ಹೋದರೆ ಲೆನ್ಸ್‌ನ ನೆರಳೇ ಹುಳುವಿನ ಮೇಲೆ ಬೀಳುತ್ತದೆ. ಫ್ಲ್ಯಾಷ್ ಹಾಕಿದರೆ ಒಂದು ಕಡೆ ಸುಣ್ಣ ಬಳಿದಂತೆ, ಇನ್ನೊಂದು ಕಡೆ ಕತ್ತಲು. ಎದುರಿಗೆ ಬಿಳಿ ಹಾಳೆ ಹಿಡಿದು ಬಿಸಿಲನ್ನು ತಿರುಗಿಸಿ, ಸಾಕು. ಕೈ ನಡುಗಿದರೆ 2 ಸೆಕೆಂಡ್ ಟೈಮರ್ ಇದೆ.

ನಮ್ಮ ಮನೆ ಹಿಂದಿನ ಮಾವಿನ ಮರದಲ್ಲಿ ಚಗಳಿ ಇರುವೆಗಳ ಗೂಡುಗಳಿವೆ. ಚಟ್ನಿ ಮಾಡುತ್ತಾರಲ್ಲ, ಅವೇ ಕೆಂಪಿರುವೆಗಳು. ಮರಿಹುಳುಗಳನ್ನು ಬಾಯಲ್ಲಿ ಹಿಡಿದು, ಅವು ಬಿಡುವ ರೇಷ್ಮೆಯಂಥ ಎಳೆಯಿಂದ ಎಲೆ ಹೊಲಿಯುತ್ತವೆ. ಹತ್ತಿರ ಹೋದರೆ ಕಚ್ಚುವುದು ಗ್ಯಾರಂಟಿ. ಅವುಗಳ ಸಾಲಿನಿಂದ ಸ್ವಲ್ಪ ಆಚೆ, ಒಂಟಿಯಾಗಿ ಓಡಾಡುತ್ತಿದ್ದ ಒಂದರ ಫೋಟೊ ತೆಗೆದು ಹಿಗ್ಗಿಸಿ ನೋಡಿದೆ. ಮೀಸೆ ಅಂದುಕೊಂಡದ್ದು ಎತ್ತಿ ಹಿಡಿದ ಮುಂಗಾಲು! ಎಣಿಸಿದರೆ ಎಂಟು ಕಾಲು, ಮುಖದ ತುಂಬ ದುಂಡನೆಯ ಕಣ್ಣು. ಅದು ಇರುವೆಯ ವೇಷ ಹಾಕಿದ ಜಿಗಿಯುವ ಜೇಡ. ಕಚ್ಚುವ ಇರುವೆಯ ತಂಟೆಗೆ ಹಕ್ಕಿಗಳೂ ಹೋಗಲು ಹಿಂಜರಿಯುತ್ತವೆ. ಆ ಹೆದರಿಕೆಯೇ ಜೇಡಕ್ಕೆ ರಕ್ಷಣೆ. ಬರಿಗಣ್ಣಿಗೆ ನನಗಿದು ಯಾವತ್ತೂ ಕಂಡಿರಲಿಲ್ಲ.

ಹುಳು ಅಲುಗಾಡದಿರಲಿ ಎಂದು ಫ್ರಿಜ್‌ನಲ್ಲಿಟ್ಟು ಫೋಟೊ ತೆಗೆಯುವವರಿದ್ದಾರೆ. ನನಗದು ಹಿಡಿಸದು. ಮುಂಜಾನೆ ಬೇಗ ಎದ್ದರೆ ಚಳಿಗೆ ಅವೇ ಮರಗಟ್ಟಿ ಕೂತಿರುತ್ತವೆ, ಕೆಲವೊಮ್ಮೆ ಮೈಮೇಲೆ ಇಬ್ಬನಿಯೂ ಸಿಗುತ್ತದೆ.

ಈ ಜೇಡದ ಗಂಡಿನ ದವಡೆ ಎಷ್ಟು ಉದ್ದವೆಂದರೆ, ಇರುವೆಯೊಂದು ಇನ್ನೊಂದನ್ನು ಹೊತ್ತು ಸಾಗುತ್ತಿರುವಂತೆ ಕಾಣುತ್ತದಂತೆ. ಅದಿನ್ನೂ ಸಿಕ್ಕಿಲ್ಲ. ಮುಂದಿನ ಸೋಮವಾರ ಸಂದರ್ಶನಕ್ಕೆ ಬೆಂಗಳೂರಿಗೆ ಹೊರಡಬೇಕು. ಇನ್ನು ನಾಲ್ಕು ಬೆಳಗು ಉಳಿದಿವೆ.